ದ್ವಿಚಕ್ರ ಧ್ವನ್ಯಾಲೋಕ

ಕಾವ್ಯದ ಆತ್ಮ ಧ್ವನಿ ಎಂದು ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ಸಾಧಿಸಿದ. ಬೈಕಿನ ಆತ್ಮವೂ ಧ್ವನಿಯೇ ಎಂದು ಸೈಲೆನ್ಸರ್ ಬದಲಾಯಿಸಿಕೊಂಡ ತರುಣರು ರಾತ್ರಿ ಹನ್ನೊಂದರ ಮೇಲೆ ನಮ್ಮ ಬಡಾವಣೆಯಲ್ಲಿ ಸಾಧಿಸುತ್ತಿದ್ದಾರೆ. ಈ ಎರಡು ಪ್ರಬಲ ಸಂಪ್ರದಾಯಗಳ ನಡುವೆ ಸಿಕ್ಕಿ, ಹೇಳುವವರೂ ಕೇಳುವವರೂ ಇಲ್ಲದೆ ಉಳಿದದ್ದು ಟೈರಿನ ಧ್ವನಿ. ಕನ್ನಡದಲ್ಲಿ ರಸ, ಅಲಂಕಾರ, ರೀತಿ, ಔಚಿತ್ಯಗಳ ಮೇಲೆ ಪಿಎಚ್.ಡಿ.ಗಳಿವೆ, ಹಿಂದಿನ ಚಕ್ರ ಐವತ್ತರ ವೇಗದಲ್ಲಿ ‘ಗುಂಯ್’ ಎನ್ನುವುದರ ಮೇಲೆ ಒಂದು ಸೆಮಿನಾರೂ ನಡೆದಂತಿಲ್ಲ. ಆ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ವಿದ್ವಾಂಸರು ಹೆಲ್ಮೆಟ್ ತೆಗೆದು ಓದಬೇಕಾಗಿ ಪ್ರಾರ್ಥನೆ.

ಮೊದಲಿಗೆ ಕರ್ತೃವಿಚಾರ. ಕರ್ತೃ ಯಾರೆಂಬ ಜಗಳವಿಲ್ಲದಿದ್ದರೆ ಅದು ಶಾಸ್ತ್ರವೇ ಅಲ್ಲ. ಗಾಳಿ ಟೈರಿನ ಕರ್ತೃ 1888ರಲ್ಲಿ ಪೇಟೆಂಟ್ ಪಡೆದ ಜಾನ್ ಬಾಯ್ಡ್ ಡನ್ಲಪ್ ಎಂಬುದು ಶಾಲಾ ಪಠ್ಯದ ಮತ. ಈತ ಬೆಲ್‌ಫಾಸ್ಟಿನಲ್ಲಿ ದನ, ಕುದುರೆಗಳಿಗೆ ಮದ್ದು ಕೊಡುತ್ತಿದ್ದ ಪಶುವೈದ್ಯ. ಮಗನ ಮೂರು ಗಾಲಿ ಸೈಕಲ್ಲಿಗೆಂದು ಈ ಕೆಲಸಕ್ಕೆ ಕೈಹಾಕಿದವನು. ಆದರೆ ಅದಕ್ಕೂ ನಾಲ್ಕು ದಶಕ ಮೊದಲೇ, 1845ರಲ್ಲಿ, ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಸ್ಕಾಟ್ಲೆಂಡಿನವನು ಗಾಳಿಗಾಲಿಯ ಪೇಟೆಂಟ್ ಪಡೆದಿದ್ದ. ಅದು ಹೊರಬಿದ್ದ ಮೇಲೆ ಡನ್ಲಪ್‌ನ ಪೇಟೆಂಟ್ ಅಸಿಂಧುವಾಯಿತು, ಹೆಸರು ಮಾತ್ರ ಡನ್ಲಪ್‌ನದೇ ನಿಂತಿತು. ಥಾಮ್ಸನ್ ತನ್ನ ಪೇಟೆಂಟಿನಲ್ಲಿ ಕೊಟ್ಟ ಕಾರಣಗಳು ಮೂರು: ಗಾಡಿ ಎಳೆಯುವುದು ಹಗುರವಾಗಬೇಕು, ಕುಲುಕಾಟ ತಗ್ಗಬೇಕು, ಸದ್ದು ಕಡಿಮೆಯಾಗಬೇಕು. ಅಂದರೆ ಟೈರಿಗೆ ಗಾಳಿ ತುಂಬಿದ್ದೇ ಬಾಯಿ ಮುಚ್ಚಿಸಲು. ನಮ್ಮ ಕಾಲದಲ್ಲಿ ಅದು ಊರಿಗೆಲ್ಲ ಕೇಳುವಂತೆ ಊಳಿಡುತ್ತಿದ್ದರೆ ತಪ್ಪು ಹುಟ್ಟಿಸಿದವನದಲ್ಲ.

ಇನ್ನು ಧ್ವನಿ. ಇದರಲ್ಲಿ ವಾಚ್ಯ, ಲಕ್ಷ್ಯ, ವ್ಯಂಗ್ಯ ಎಂಬ ಮೂರು ಸ್ತರಗಳು. ವಾಚ್ಯ ಸರಳ. ರಬ್ಬರಿನ ಗಟ್ಟೆಗಳು ಒಂದಾದ ಮೇಲೊಂದು ರಸ್ತೆಗೆ ಬಡಿಯುತ್ತವೆ. ಸಂದುಗಳಲ್ಲಿ ಸಿಕ್ಕ ಗಾಳಿ ಹಿಂಡಿಕೊಂಡು ಚಿಮ್ಮುತ್ತದೆ. ಟೈರೂ ರಸ್ತೆಯೂ ಕೂಡುವಲ್ಲಿ ಕಹಳೆಯ ಬಾಯಿಯ ಆಕಾರ ಏರ್ಪಟ್ಟು ಅಷ್ಟನ್ನೂ ದೊಡ್ಡದು ಮಾಡುತ್ತದೆ. ಗಟ್ಟೆಗಳೆಲ್ಲ ಒಂದೇ ಅಳತೆಯವಾದರೆ ಒಂದೇ ಶ್ರುತಿ ಹಿಡಿದು ಕೂಗುತ್ತವೆಂದು, ತಯಾರಕರು ಬೇಕೆಂದೇ ಅಳತೆಯನ್ನು ಹೆಚ್ಚುಕಡಿಮೆ ಮಾಡುತ್ತಾರೆ. ನಿಮ್ಮ ಟೈರಿನ ಗೀರುಗಳು ಸಮನಾಗಿಲ್ಲವೆಂದು ಅಂಗಡಿಯವನ ಮೇಲೆ ರೇಗಬೇಡಿ, ಅದು ಛಂದೋಭಂಗವಲ್ಲ.

ಲಕ್ಷ್ಯಾರ್ಥ ಕಾಣಿಸುವುದು ಟೈರು ಏರುಪೇರಾಗಿ ಸವೆದಾಗ. ಗಟ್ಟೆಯ ಒಂದು ಅಂಚು ಎತ್ತರ, ಇನ್ನೊಂದು ತಗ್ಗು; ಕೈಯಾಡಿಸಿದರೆ ಒಂದು ಕಡೆಗೆ ನುಣುಪು, ತಿರುಗಿಸಿ ಆಡಿಸಿದರೆ ಗರಗಸ. ಆಗ ನೇರ ರಸ್ತೆಯಲ್ಲಿ ಸುಮ್ಮನಿರುವ ಬೈಕು ತಿರುವಿನಲ್ಲಿ ವಾಲಿದೊಡನೆ ಗೊಣಗುತ್ತದೆ. ವ್ಯಂಗ್ಯಾರ್ಥ ‘ಖರ್ಚು ಬಂತು’ ಎಂಬುದು. ಸಹೃದಯನಿಗೆ ಮಾತ್ರ ಅದು ಹೊಳೆಯುತ್ತದೆ, ಮತ್ತು ಈ ಕ್ಷೇತ್ರದ ಸಹೃದಯನೆಂದರೆ ಮೆಕ್ಯಾನಿಕ್. “ಬೇರಿಂಗ್ ಹೋಗಿರ್ಬೇಕು ಕಣಯ್ಯ” ಎಂದು ಒಡೆಯ ಲಕ್ಷಣಗ್ರಂಥ ಬಿಚ್ಚುವಷ್ಟರಲ್ಲಿ ಅವನು ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಏರಿಸಿ, ಚಕ್ರವನ್ನು ಕೈಯಿಂದ ತಿರುಗಿಸಿ, ಕಿವಿಗೊಟ್ಟಿರುತ್ತಾನೆ. ರಸ್ತೆ ಮುಟ್ಟದ ಚಕ್ರವೂ ಗರಗರ ಎಂದರೆ ಬೇರಿಂಗು, ಎನ್ನದಿದ್ದರೆ ಟೈರು. “ಟೈರ್ ಹೋಗೈತೆ ಸಾರ್, ಚೇಂಜ್ ಮಾಡ್ಸಿ.” ಮಮ್ಮಟನಾದರೂ ಇದಕ್ಕಿಂತ ಅಡಕವಾಗಿ ಹೇಳಲಾರ.

ಉದ್ದೀಪನ ವಿಭಾವವನ್ನೂ ಮರೆಯುವಂತಿಲ್ಲ. ಡಾಂಬರಿನ ಮೇಲೆ ಮೌನವ್ರತ ಹಿಡಿದ ಟೈರೇ ಬೆಂಗಳೂರಿನ ವೈಟ್‌ಟಾಪಿಂಗ್ ಕಾಂಕ್ರೀಟಿಗೆ ಏರಿದ ಕೂಡಲೇ ಹಾಡತೊಡಗುತ್ತದೆ. ಅದು ಟೈರಿನ ರೋಗವಲ್ಲ, ಕಾಂಕ್ರೀಟಿನ ಮೇಲ್ಮೈಯ ಗುಣ. ದೊಡ್ಡ ಗಟ್ಟೆಗಳ ಬಟನ್ ಟೈರ್ ಹಾಕಿಸಿಕೊಂಡು ಸದ್ದು ಜಾಸ್ತಿ ಎನ್ನುವವರ ಪ್ರಶ್ನೆಯನ್ನು ಈ ಪ್ರಬಂಧ ಪರಿಗಣಿಸುವುದಿಲ್ಲ.

ಸವಕಲಿನ ಅಧ್ಯಯನಕ್ಕೆ ಅಲಂಕಾರಶಾಸ್ತ್ರ ಸಾಲದು, ಶಾಸನಶಾಸ್ತ್ರ ಬೇಕು. ಟೈರಿನ ಪಕ್ಕೆಯಲ್ಲಿರುವುದು ನಿಜವಾದ ಶಾಸನ, ಬೇಕಾದರೆ ಮುಟ್ಟಿ ನೋಡಿ, ಉಬ್ಬಕ್ಷರ. ಬಿ.ಎಲ್. ರೈಸ್ ಇದನ್ನು ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಸೇರಿಸಿಲ್ಲ. ಆದರೆ ಅವರ ಮೊದಲ ಸಂಪುಟ, ಕೊಡಗಿನ ಶಾಸನಗಳದ್ದು, ಬಂದದ್ದು 1886ರಲ್ಲಿ. ಡನ್ಲಪ್‌ಗೆ ಪೇಟೆಂಟ್ ಸಿಕ್ಕಿದ್ದು ಅದಾದ ಎರಡು ವರ್ಷಕ್ಕೆ. ಹಾಗಾಗಿ ರೈಸ್ ನಿರ್ದೋಷಿ. ಮಾದರಿಗೆ ಒಂದು ಪಾಠ: ‘100/90-17 55ಪಿ’. ಅಗಲ 100 ಮಿಲಿಮೀಟರ್, ಎತ್ತರ ಅಗಲದ ಶೇಕಡಾ 90, ರಿಮ್ಮು 17 ಇಂಚು. 55 ಎಂಬುದು ಸಂಕೇತ: ಈ ಟೈರು ಹೊರಬಲ್ಲದ್ದು 218 ಕಿಲೋ. ‘ಪಿ’ ಎಂದರೆ ಗಂಟೆಗೆ 150 ಕಿಲೋಮೀಟರ್‌ವರೆಗೆ ತಾಳುತ್ತದೆ ಎಂದು. ಓಡಿಸಿ ಎಂದಲ್ಲ, ಈ ಪಾಠಾಂತರ ಕಾಲೇಜು ಹುಡುಗರಲ್ಲಿ ಪ್ರಚಲಿತ. ಕಾಲನಿರ್ಣಯ ಇನ್ನೂ ಸುಲಭ. ಪಕ್ಕೆಯ ತಯಾರಿಕಾ ಸಂಕೇತದ ಕೊನೆಯಲ್ಲಿರುವ ನಾಲ್ಕಂಕಿ 2319 ಆಗಿದ್ದರೆ 2019ನೇ ಇಸವಿಯ 23ನೇ ವಾರ. ಶಕವರ್ಷ, ಸಂವತ್ಸರ, ತಿಥಿ ಎಂದು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಹಲ್ಮಿಡಿ ಶಾಸನದ ಕಾಲದ ಬಗ್ಗೆ ಕೈಕೈ ಮಿಲಾಯಿಸುವ ನಾವು, ಅಂಗಡಿಯವನು ‘ಹೊಸದು ಸಾರ್’ ಎಂದು ಕೊಟ್ಟ ಟೈರಿನ ಕಾಲವನ್ನು ಮಾತ್ರ ಬಗ್ಗಿ ನೋಡುವುದಿಲ್ಲ.

ಸವೆತದ ಮೇರೆಯನ್ನು ಕೇಂದ್ರ ಮೋಟಾರು ವಾಹನ ನಿಯಮಗಳೇ ಹಾಕಿವೆ. ದ್ವಿಚಕ್ರ, ತ್ರಿಚಕ್ರಗಳಿಗೆ ಗೀರಿನ ಆಳ 0.8 ಮಿಲಿಮೀಟರ್ ಇರಲೇಬೇಕು, ಉಳಿದವಕ್ಕೆ 1.6. ಪಕ್ಕೆಯ ಪುಟ್ಟ ತ್ರಿಕೋನದ ನೇರಕ್ಕೆ ಗೀರಿನೊಳಗೊಂದು ದಿಣ್ಣೆ ಇರುತ್ತದೆ. ರಬ್ಬರು ಅದರ ಮಟ್ಟಕ್ಕೆ ಇಳಿಯಿತೆಂದರೆ ಆ ಟೈರು ಕಥಾಶೇಷ. ಎಲ್ಲಿ ಸವೆದಿದೆ ಎಂಬುದರಿಂದ ಸವಾರನ ಜೀವನಚರಿತ್ರೆಯನ್ನೂ ಪುನಾರಚಿಸಬಹುದು. ನಡುಭಾಗ ಚಪ್ಪಟೆಯಾಗಿದ್ದರೆ ದಿನವೂ ತುಮಕೂರು ರಸ್ತೆಯಲ್ಲಿ ನೆಟ್ಟಗೆ ಹೋಗಿ ನೆಟ್ಟಗೆ ಬರುವ ಸಂಸಾರಿ, ಅಥವಾ ಗಾಳಿ ಅತಿಯಾಗಿ ಹೊಡೆಸುವವನು, ಅಥವಾ ಎರಡೂ. ಅಂಚಿನವರೆಗೂ ಸವೆದಿದ್ದರೆ ಭಾನುವಾರ ನಂದಿ ಬೆಟ್ಟಕ್ಕೆ ಹೋಗಿ, ಇಳಿದ ಮೇಲೆ ಅಂಚಿನಲ್ಲಿ ಸವೆಯದ ಪಟ್ಟಿ, ಅಂದರೆ ‘ಚಿಕನ್ ಸ್ಟ್ರಿಪ್’, ಎಷ್ಟು ಉಳಿದಿದೆ ಎಂದು ಪರಸ್ಪರರ ಟೈರು ನೋಡಿಕೊಳ್ಳುವ ಪಂಗಡದವನು. ನಡು ಹಾಗೇ ಇದ್ದು ಎರಡು ಹೆಗಲು ಮಾತ್ರ ಸವೆದಿದ್ದರೆ, ಗಾಳಿ ಹೊಡೆಸಲು ಹಬ್ಬಕ್ಕಾಗಿ ಕಾಯುವವನೆಂದು ಶಂಕಿಸಬಹುದು.

ಗಾಳಿಯ ವಿಷಯಕ್ಕೆ ಬಂದರೆ ಪ್ರಸ್ಥಾನಭೇದ ತೀವ್ರ. ಶೃಂಗೇರಿ, ಉಡುಪಿ, ಮೇಲುಕೋಟೆಗಳವರು ಉಪಮೆಯನ್ನು ಮನ್ನಿಸಬೇಕು. ಬಂಕಿನಲ್ಲಿ ಬಹುಸಂಖ್ಯಾತರು ಅದ್ವೈತಿಗಳು. “ಎಷ್ಟು ಹಾಕ್ಲಿ ಸಾರ್?” “ಎರಡಕ್ಕೂ ಒಂದ್ ಮೂವತ್ತು ಹಾಕಪ್ಪ.” ಮುಂದು, ಹಿಂದು ಎಂಬ ಭೇದ ಇವರಿಗೆ ಮಾಯೆ. ದ್ವೈತಿಗಳಿಗೆ ಆ ಭೇದ ನಿತ್ಯಸತ್ಯ: ಎಷ್ಟೋ ಬೈಕುಗಳಲ್ಲಿ ಮುಂದಕ್ಕೆ 25 ಪಿಎಸ್ಐ, ಹಿಂದಕ್ಕೆ 28ರ ಆಸುಪಾಸು. ಭಾರ ಹಿಂದೆ ಹೆಚ್ಚಿರುವುದರಿಂದ ಇದು ಯುಕ್ತಿಯುಕ್ತ. ವಿಶಿಷ್ಟಾದ್ವೈತಿಗಳು ಇನ್ನೂ ಸೂಕ್ಷ್ಮ. ಸವಾರ ಒಬ್ಬನೇ ಆದರೆ ಒಂದು ಲೆಕ್ಕ. ಹೆಂಡತಿ, ಮಗು, ಇಪ್ಪತ್ತೈದು ಕಿಲೋ ಅಕ್ಕಿಮೂಟೆ ಎಂಬ ವಿಶೇಷಣಗಳು ಸೇರಿದರೆ ಹಿಂದಿನ ಚಕ್ರಕ್ಕೆ 32ರ ಹತ್ತಿರ ಬೇಕೆಂಬುದು ಅವರ ಪಕ್ಷ. ತಯಾರಕರ ಸಮ್ಮತಿ ಇರುವುದೂ ಈ ಪಕ್ಷಕ್ಕೇ. ಇವರಲ್ಲದೆ ಹೆಬ್ಬೆಟ್ಟುವಾದಿಗಳಿದ್ದಾರೆ: ಟೈರನ್ನು ಒತ್ತಿ, ಒಮ್ಮೆ ಕಾಲಿನಿಂದ ಒದ್ದು, ‘ಐತೆ ಐತೆ’ ಎಂದು ಹೊರಡುವವರು. ಅರ್ಧ ಗಾಳಿಯ ಟೈರೂ ಹೆಬ್ಬೆಟ್ಟಿಗೆ ಗಟ್ಟಿಯಾಗಿಯೇ ಸಿಗುವುದರಿಂದ ಇವರ ಪ್ರಮಾಣ ಅಪ್ರಮಾಣ.

ನೈಟ್ರೋಜನ್ ಪಂಥ ಇತ್ತೀಚಿನದು. ಹಸಿರು ಮುಚ್ಚಳವೇ ಇದರ ದೀಕ್ಷೆ. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡಾ 78 ನೈಟ್ರೋಜನ್ನೇ ಇದೆ. ದಕ್ಷಿಣೆ ಕೊಡುವುದು ಮಿಕ್ಕ ಶೇಕಡಾ 22ರ ಶುದ್ಧಿಗೆ. ತೇವವಿರುವುದಿಲ್ಲ, ಸೋರಿಕೆ ತುಸು ನಿಧಾನ ಎಂಬುದು ನಿಜ, ವಿಮಾನದ ಟೈರಿಗೆ ತುಂಬುವುದೂ ಅದನ್ನೇ. ಯಶವಂತಪುರದಿಂದ ಪೀಣ್ಯಕ್ಕೆ ಹೋಗುವವರಿಗೆ ಅದು ಬೇಕೇ ಎಂಬುದು ಪೂರ್ವಪಕ್ಷ. ಬೇಡ ಎಂಬುದು ಸಿದ್ಧಾಂತ.

ಎಲ್ಲ ಮತದವರೂ ಕೂಡಿ ಮಾಡುವ ತಪ್ಪೊಂದಿದೆ: ಕಾದ ಟೈರನ್ನು ಅಳೆಯುವುದು. ಮೂವತ್ತರ ಆಸುಪಾಸಿನ ಟೈರು ಹತ್ತು ಡಿಗ್ರಿ ಬಿಸಿಯಾದರೆ ಒತ್ತಡ ಒಂದೂವರೆ ಪಿಎಸ್ಐ ಏರುತ್ತದೆ. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ ಗಂಟೆಗಟ್ಟಲೆ ಓಡಿಸಿ ಬಂದು, ‘ಅಯ್ಯೋ ಜಾಸ್ತಿ ಇದೆ’ ಎಂದು ಗಾಳಿ ಬಿಟ್ಟರೆ, ಬೆಳಿಗ್ಗೆ ಆ ಟೈರು ಹಸಿದಿರುತ್ತದೆ. ಹಸಿದ ಟೈರು ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಬಿಸಿಯಾಗುತ್ತದೆ, ಹೆಗಲು ಸವೆಸಿಕೊಳ್ಳುತ್ತದೆ, ಸವೆದು ಸದ್ದು ಮಾಡುತ್ತದೆ. ಪಂಚರೇ ಇಲ್ಲದ ಟೈರೂ ತಿಂಗಳಿಗೆ ಒಂದೆರಡು ಪಿಎಸ್ಐ ಕಳೆದುಕೊಳ್ಳುತ್ತದೆ. ಸದ್ದಿಗೆ ಸವೆತ ಕಾರಣ, ಸವೆತಕ್ಕೆ ಗಾಳಿ ಕಾರಣ, ಗಾಳಿ ಇಲ್ಲದ್ದಕ್ಕೆ ನಾವು ಕಾರಣ ಎಂಬಲ್ಲಿಗೆ ಈ ಶಾಸ್ತ್ರದ ಕಾರ್ಯಕಾರಣ ಸರಣಿ ಮುಗಿಯುತ್ತದೆ.

ಎಷ್ಟು ಗಾಳಿ ಎಂಬ ಮೂಲಸೂತ್ರ ಎಲ್ಲಿದೆ ಎಂದು ಕೇಳುವವರಿಗೆ: ಬಹಳಷ್ಟು ಬೈಕುಗಳಲ್ಲಿ ಚೈನ್ ಕವರಿನ ಮೇಲೋ ಸ್ವಿಂಗ್ ಆರ್ಮಿನ ಮೇಲೋ ಅಂಟಿಸಿದ ಚೀಟಿಯಲ್ಲಿದೆ. ಕೆಸರು ಒರೆಸಿದರೆ ಕಾಣುತ್ತದೆ. ಅಲ್ಲಿಲ್ಲದಿದ್ದರೆ ಬೈಕಿನ ಜೊತೆ ಕೊಟ್ಟ ಪುಸ್ತಕದಲ್ಲಿರುತ್ತದೆ. ಬೆಳಿಗ್ಗೆ, ಚಕ್ರ ತಣ್ಣಗಿರುವಾಗ, ಹತ್ತಿರದ ಬಂಕಿಗೆ ಹೋಗಿ ಅಷ್ಟೇ ಹಾಕಿಸಿ. ಪೆಟ್ರೋಲ್ ಹಾಕಿಸದಿದ್ದರೂ ಬಂಕಿನಲ್ಲಿ ಗಾಳಿ ಉಚಿತವಾಗಿಯೇ ಕೊಡಬೇಕೆಂಬುದು ನಿಯಮ. ‘ಮಿಷನ್ ಕೆಟ್ಟಿದೆ’ ಎಂದರೆ ದೂರಿನ ಪುಸ್ತಕ ಕೇಳಿ.