ಇನ್ನೆರಡು ಸಾವಿರ ಹಾಕಿದರೆ

ಕಡಿಮೆ ದುಡ್ಡಿನಲ್ಲಿ ಗೇಮಿಂಗ್ ಕಂಪ್ಯೂಟರ್ ಅಸೆಂಬಲ್ ಮಾಡಿಸಲು ಹೊರಟವರ ಬಜೆಟ್ ಕೆಡುವುದು ದುರಾಸೆಯಿಂದ ಎಂಬುದು ಮನೆಯ ಹಿರಿಯರ ಅಭಿಪ್ರಾಯ. ನನಗೆ ಹಾಗನ್ನಿಸುವುದಿಲ್ಲ. ದುರಾಸೆಯವನು ಮೊದಲ ದಿನವೇ ಎರಡು ಲಕ್ಷದ ಯಂತ್ರ ಕೇಳುತ್ತಾನೆ, ಅಪ್ಪನಿಂದ ಬೈಸಿಕೊಳ್ಳುತ್ತಾನೆ, ಮೊಬೈಲಿನಲ್ಲಿ ಲೂಡೊ ಆಡಿಕೊಂಡು ತಣ್ಣಗಾಗುತ್ತಾನೆ. ಅವನಿಂದ ಯಾರ ಗಂಟೂ ಕರಗುವುದಿಲ್ಲ. ಕರಗಿಸುವವನು ಲೆಕ್ಕ ಬಲ್ಲವನು. ಅರವತ್ತು ಸಾವಿರ, ಅದರ ಮೇಲೆ ಒಂದು ಪೈಸೆ ಇಲ್ಲ ಎಂದು ಮನೆಯವರೆದುರು ಮಾತು ಕೊಟ್ಟು, ಪಟ್ಟಿ ಬರೆದುಕೊಂಡು, ನಾಲ್ಕು ಅಂಗಡಿಯ ಕೊಟೇಶನ್ ತಾಳೆ ನೋಡುವ ವಿವೇಕಿ. ಬೆಂಗಳೂರಿನ ಎಸ್‌.ಪಿ. ರೋಡಾಗಲಿ, ಚೆನ್ನೈನ ರಿಚಿ ಸ್ಟ್ರೀಟಾಗಲಿ, ದೆಹಲಿಯ ನೆಹರೂ ಪ್ಲೇಸಾಗಲಿ, ಈ ವಿವೇಕಿಯನ್ನು ಕೆಡವಲು ಅಂಗಡಿಯವರಿಗೆ ಒಂದೇ ಮಾತು ಸಾಕು: "ಇನ್ನೆರಡು ಸಾವಿರ ಹಾಕಿದ್ರೆ ಇದಕ್ಕಿಂತ ಒಳ್ಳೇದೇ ಬರುತ್ತೆ ಸಾರ್." ಈ ಮಾತಿನಲ್ಲಿ ಸುಳ್ಳಿಲ್ಲ, ನಿಜಕ್ಕೂ ಒಳ್ಳೆಯದೇ ಬರುತ್ತದೆ. ಸುಳ್ಳಾಗಿದ್ದರೆ ನಾವು ತಪ್ಪಿಸಿಕೊಳ್ಳಬಹುದಿತ್ತು.

ಬೆಲೆಪಟ್ಟಿಯನ್ನೇ ನೋಡೋಣ. ಎನ್‌ವಿಡಿಯಾ ಕಂಪನಿ 2025ರಲ್ಲಿ ಹೊರತಂದ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಆರ್‌ಟಿಎಕ್ಸ್ 5060ಕ್ಕೆ ಅಮೆರಿಕದಲ್ಲಿ ಘೋಷಿಸಿದ ಬೆಲೆ 299 ಡಾಲರ್. ಅದರ ಅಣ್ಣ 5060 ಟಿಐ, 8 ಜಿಬಿಯದು 379. ಅದೇ ಅಣ್ಣ 16 ಜಿಬಿ ಹೊತ್ತು ಬಂದರೆ 429. ಅಲ್ಲಿಂದ 5070ಕ್ಕೆ 549. ಒಂದೊಂದೇ ಹೆಜ್ಜೆಗೆ 80, 50, 120. 379 ಕೊಡಲು ಸಿದ್ಧನಾದವನಿಗೆ ಇನ್ನೊಂದು 50 ಡಾಲರಿಗೆ ಎರಡರಷ್ಟು ಮೆಮೊರಿ ಸಿಗುವಾಗ ಬೇಡ ಎನ್ನುವುದು ಮೂರ್ಖತನದಂತೆಯೇ ಕಾಣುತ್ತದೆ, ಮತ್ತು ಬಿಡಿಯಾಗಿ ನೋಡಿದರೆ ಅದು ಮೂರ್ಖತನವೇ. ಆದರೆ ಹತ್ತುವವನು ಪ್ರತಿ ಸಲ ತಾನು ಈಗಷ್ಟೇ ಬಿಟ್ಟ ಮೆಟ್ಟಿಲನ್ನು ನೋಡುತ್ತಾನೆಯೇ ಹೊರತು ಹೊರಟ ನೆಲವನ್ನಲ್ಲ. ಮೂರು ಜಾಣತನ ಕೂಡಿದಾಗ 299 ಇದ್ದದ್ದು 549 ಆಗಿರುತ್ತದೆ, ಅಂದರೆ ಶೇ 84ರಷ್ಟು ಏರಿಕೆ. ಮೇಲೆ ನಮ್ಮಲ್ಲಿ ಶೇ 18 ಜಿಎಸ್‌ಟಿ. ಕಥೆ ಅಲ್ಲಿಗೂ ಮುಗಿಯುವುದಿಲ್ಲ. 145 ವ್ಯಾಟ್ ಉಣ್ಣುವ 5060ಕ್ಕೆ ಕರೆಂಟು ಹಂಚುವ 550 ವ್ಯಾಟಿನ ಎಸ್‌ಎಂಪಿಎಸ್ ಸಾಕೆಂದು ಕಂಪನಿಯೇ ಹೇಳುತ್ತದೆ, 250 ವ್ಯಾಟ್ ಉಣ್ಣುವ 5070ಕ್ಕೆ 650 ಬೇಕಂತೆ. ಅಂಥ ಕಾರ್ಡಿಗೆ ಈ ಬಡ ಪ್ರೊಸೆಸರ್ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಪ್ರೊಸೆಸರ್ ದೊಡ್ಡದಾದರೆ ಕೂಲರ್ ದೊಡ್ಡದು, ಕೂಲರ್ ಹಿಡಿಯಲು ಕ್ಯಾಬಿನೆಟ್ ದೊಡ್ಡದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರು, ಚಾಚಿದ ಕಾಲಿಗೆ ತಕ್ಕ ಹಾಸಿಗೆ ಸುಲಭ ಕಂತಿನಲ್ಲಿ ಸಿಗುವ ಕಾಲವನ್ನು ಕಂಡಿರಲಿಲ್ಲ.

ಹೀಗಾಗಿ ಬಜೆಟ್ ಉಳಿಯಬೇಕಾದರೆ ಮನೋನಿಗ್ರಹದಿಂದ ಆಗದು, ನಮ್ಮ ಪರವಾಗಿ 'ಸಾಕು' ಎನ್ನುವ ವಸ್ತುವೊಂದು ಬೇಕು. ಪಟ್ಟಿಯಲ್ಲಿ ಅಂಥದ್ದು ಒಂದೇ ಒಂದಿದೆ, ಮತ್ತು ನಮ್ಮವರು ಅದನ್ನು ಕಟ್ಟಕಡೆಗೆ, ಉಳಿದ ಚಿಲ್ಲರೆಯಲ್ಲಿ ಕೊಳ್ಳುತ್ತಾರೆ. ಅದು ಮಾನಿಟರ್. ಪ್ರೊಸೆಸರ್, ಕಾರ್ಡು, ರ‍್ಯಾಮ್ ಎಲ್ಲ ಸೇರಿ ಎಷ್ಟೇ ಹೆಣಗಿದರೂ ಕಣ್ಣಿಗೆ ಬೀಳುವುದು ಪರದೆ ತೋರಿಸಿದಷ್ಟೇ. 1920×1080ರ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕಿಗಳಿವೆ. 4ಕೆ ಪರದೆಯಲ್ಲಿ ಸರಿಯಾಗಿ ಅದರ ನಾಲ್ಕರಷ್ಟು, ಸುಮಾರು 83 ಲಕ್ಷ. ಕಾರ್ಡು ಒಂದೊಂದು ಚಿತ್ರಕ್ಕೂ ಇಷ್ಟು ಚುಕ್ಕಿಗಳಿಗೆ ಬಣ್ಣ ಹಚ್ಚಬೇಕು. 60 ಹರ್ಟ್ಜ್ ಪರದೆಯಾದರೆ ಸೆಕೆಂಡಿಗೆ ಅರವತ್ತು ಸಲ ಹಚ್ಚಿದರೆ ಕೆಲಸ ಮುಗಿಯಿತು. ಯಂತ್ರ ಇನ್ನೂರು ಚಿತ್ರ ಬರೆದರೂ ಪರದೆ ಹೊಸದಾಗಿ ತುಂಬಿಕೊಳ್ಳುವುದು ಅರವತ್ತೇ ಸಲ. ಹೆಚ್ಚು ಚಿತ್ರ ಬರೆದರೆ ಮೌಸಿನ ಏಟು ಪರದೆಗೆ ತುಸು ಬೇಗ ಮುಟ್ಟುತ್ತದೆ ಎಂದು ಪಂದ್ಯದ ಆಟಗಾರರು ವಾದಿಸುತ್ತಾರೆ. ಅದು ನಿಜ. ಆದರೆ ಅಷ್ಟು ಚುರುಕಿನ ಕೈಯಿದ್ದವರು 60 ಹರ್ಟ್ಜ್ ಪರದೆಯ ಮುಂದೆ ಕೂತಿರುವುದೇ ಮೊದಲ ತಪ್ಪು. ಪರದೆ ಮೊದಲು ನಿಶ್ಚಯವಾದರೆ ಕಾರ್ಡಿಗೆ ಒಂದು ಮಿತಿ ಬರುತ್ತದೆ, ಕಾರ್ಡು ನಿಶ್ಚಯವಾದರೆ ಪ್ರೊಸೆಸರಿಗೆ ಮತ್ತು ಎಸ್‌ಎಂಪಿಎಸ್‌ಗೆ. ಇನ್ನೆರಡು ಸಾವಿರ ಎಂದಾಗ, ನನ್ನ ಪರದೆ ಅದನ್ನು ತೋರಿಸುವುದಿಲ್ಲವಲ್ಲ ಎಂದು ಉತ್ತರ ಕೊಡಬಹುದು. ದುಡ್ಡಿಲ್ಲ ಎಂಬ ಉತ್ತರಕ್ಕೆ ಅಂಗಡಿಯಲ್ಲಿ ಕಂತಿನ ಮದ್ದಿದೆ, ಈ ಉತ್ತರಕ್ಕೆ ಇಲ್ಲ.

ಮಾನಿಟರಿನಲ್ಲೂ ಅದೇ ಮೆಟ್ಟಿಲುಗಳಿಲ್ಲವೇ, 60, 144, 240, 360 ಎಂದು ಏರಿಕೊಂಡೇ ಹೋಗುವುದಿಲ್ಲವೇ ಎಂದು ಕೇಳಬಹುದು. ಹೋಗುತ್ತದೆ. ಆದರೆ ಇಲ್ಲಿ ಹೆಜ್ಜೆಗೆ ಎಷ್ಟು ಲಾಭ ಎಂಬುದನ್ನು ಶಾಲೆಯ ಭಾಗಾಕಾರವೇ ಹೇಳಿಬಿಡುತ್ತದೆ. 60 ಹರ್ಟ್ಜ್‌ನಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 144ರಲ್ಲಿ 6.9. ಉಳಿತಾಯ ಹತ್ತಿರ ಹತ್ತಿರ ಹತ್ತು ಮಿಲಿಸೆಕೆಂಡ್, ಬರಿಗಣ್ಣಿಗೆ ತಿಳಿಯುತ್ತದೆ. 144ರಿಂದ 240ಕ್ಕೆ ಹೋದರೆ ಉಳಿಯುವುದು 2.8. 240ರಿಂದ 360ಕ್ಕೆ ಹೋದರೆ 1.4. ಸಂಖ್ಯೆ ಜಿಗಿಯುತ್ತ ಹೋದಂತೆ ಲಾಭ ಕುಗ್ಗುತ್ತ ಹೋಗುತ್ತದೆ. ಪೆಟ್ಟಿಗೆಯ ಮೇಲೆ ಹರ್ಟ್ಜ್ ಬದಲು ಮಿಲಿಸೆಕೆಂಡನ್ನೇ ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದರೆ ಎಷ್ಟೋ ಮನೆಗಳ ಆರ್‌.ಡಿ. ಖಾತೆ ಉಳಿಯುತ್ತಿತ್ತು. ಪರದೆಯ ಜೊತೆಗೆ ಇನ್ನೊಂದು ಪ್ರಶ್ನೆಗೂ ಪ್ರಾಮಾಣಿಕ ಉತ್ತರ ಬೇಕು: ಆಡುವುದು ಏನನ್ನು? ವ್ಯಾಲೊರೆಂಟ್ ಆಟವನ್ನು ರಯಟ್ ಕಂಪನಿ ಬೇಕೆಂದೇ ಬಡ ಯಂತ್ರಗಳಿಗಾಗಿ ಹದಗೊಳಿಸಿತು. 2012ರ ಇಂಟೆಲ್ ಪ್ರೊಸೆಸರಿನೊಳಗಿನ ಗ್ರಾಫಿಕ್ಸೂ ಅದನ್ನು ಹೇಗೋ ಎಳೆದುಕೊಂಡು ಹೋಗುತ್ತದೆ. ಸೈಬರ್‌ಪಂಕ್ 2077ಕ್ಕೆ 2023ರಲ್ಲಿ ಸೇರಿದ ಪಾತ್ ಟ್ರೇಸಿಂಗ್ ಬೆಳಕಿನ ಮುಂದೆ ದುಬಾರಿ ಕಾರ್ಡುಗಳೂ ಏದುಸಿರು ಬಿಡುತ್ತವೆ. ಸಮಸ್ಯೆ ಏನೆಂದರೆ ನಮ್ಮವರು ಕಂಪ್ಯೂಟರ್ ಕೊಳ್ಳುವಾಗ ಸೈಬರ್‌ಪಂಕನ್ನು ನೆನೆಯುತ್ತಾರೆ, ಕೊಂಡ ಮೇಲೆ ರಾತ್ರಿ ಹನ್ನೊಂದಕ್ಕೆ ಗೆಳೆಯರ ಜೊತೆ ಆಡುವುದು ವ್ಯಾಲೊರೆಂಟನ್ನೇ. ಮನೆಯಲ್ಲಿ ಹೇಳಿರುವುದು ಪ್ರಾಜೆಕ್ಟ್ ವರ್ಕಿಗೆ ಎಂದು, ಆ ವಿಚಾರ ಬೇರೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ನಾಳೆಯದು. ಈಗ ಸ್ವಲ್ಪ ಹೆಚ್ಚು ಹಾಕಿದರೆ ಐದು ವರ್ಷ ನಿಶ್ಚಿಂತೆ ಎಂಬ ವಾದ. ಇದನ್ನು ನಗೆಯಾಡಿ ತಳ್ಳುವಂತಿಲ್ಲ, ಏಕೆಂದರೆ ಅರ್ಧ ಸರಿ. ನಾಳೆಗೆ ಉಳಿಯುವ ಭಾಗವೊಂದಿದೆ, ಅದು ಕಾರ್ಡಲ್ಲ, ಮದರ್‌ಬೋರ್ಡಿನ ಸಾಕೆಟ್. ಪ್ರೊಸೆಸರಿಗೂ ಮದರ್‌ಬೋರ್ಡಿಗೂ ಸಂಬಂಧ ಕುದುರಿಸುವುದು ಜಾತಕ ಕೂಡಿಸಿದ ಹಾಗೆಯೇ. 2017ರ ಕೊನೆಗೆ ಇಂಟೆಲ್‌ನ ಎಂಟನೇ ತಲೆಮಾರು ಬಂದಾಗ ಅದರ ಸಾಕೆಟ್ಟಿಗೂ ಹಿಂದಿನದಕ್ಕೂ 1151 ಎಂಬ ಒಂದೇ ಸಂಖ್ಯೆ, ಅಳತೆಯೂ ಒಂದೇ. ಚಿಪ್ಪು ಹಳೆಯ ಬೋರ್ಡಿನಲ್ಲಿ ಸಲೀಸಾಗಿ ಕೂರುತ್ತಿತ್ತು, ಆದರೆ ಕೆಲಸ ಮಾಡುತ್ತಿರಲಿಲ್ಲ. ಗಣ, ರಾಶಿ ಎಲ್ಲ ಹೊಂದಿ ನಾಡಿದೋಷದಲ್ಲಿ ಮುರಿದುಬಿತ್ತು. ಅದೇ 2017ರಲ್ಲಿ ಎಎಂಡಿಯ ಎಎಂ4 ಬೋರ್ಡು ಕೊಂಡ ಅನೇಕರು 2022ರ ಹೊತ್ತಿಗೆ ಬಯಾಸ್ ಬದಲಿಸಿಕೊಂಡು ರೈಜನ್ 5000 ಸಾಲಿನ ಪ್ರೊಸೆಸರನ್ನು ಅದೇ ಬೋರ್ಡಿಗೆ ಕೂರಿಸಿದರು. ಅವರಿಗೆ ಅಷ್ಟು ಆಯುಷ್ಯ ಕೊಟ್ಟದ್ದು ದುಬಾರಿ ಮಾಡೆಲ್ ಅಲ್ಲ, ಕಂಪನಿ ಸಾಕೆಟ್ ಬದಲಿಸದೆ ಇದ್ದದ್ದು. ಇನ್ನು ಗ್ರಾಫಿಕ್ಸ್ ಕಾರ್ಡಿನಲ್ಲಿ ನಾಳೆಯನ್ನು ಮುಂಗಡ ಕೊಳ್ಳಲು ಹೋದವರ ಪಾಡು ನೋಡಿ. 2021ರಲ್ಲಿ ಚಿಪ್ ಅಭಾವ, ಜೊತೆಗೆ ಈಥೀರಿಯಂ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆ ಮಾಡುವವರ ದಾಳಿ, ಎರಡೂ ಸೇರಿ ಕಾರ್ಡಿನ ಬೆಲೆ ಕಂಪನಿ ಹೇಳಿದ್ದಕ್ಕಿಂತ ಎಷ್ಟೋ ಮೇಲೆ ಹೋಯಿತು. ಇನ್ನೂ ಏರುತ್ತದೆಂದು ಹೆದರಿ ಕೊಂಡವರು ಬಹಳ. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ತನ್ನ ಪದ್ಧತಿಯನ್ನೇ ಬದಲಿಸಿ ಗಣಿಗಾರಿಕೆಗೆ ಮಂಗಳ ಹಾಡಿತು, ಗಣಿಯ ಕಾರ್ಡುಗಳು ರಾಶಿರಾಶಿಯಾಗಿ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಗೆ ಬಂದು ಬಿದ್ದವು. 'ಒಬ್ರು ಡಾಕ್ಟರ್ ಮನೇಲಿತ್ತು ಸಾರ್, ಬರೀ ಮೇಲ್ ನೋಡೋರು' ಎಂಬ ಪೀಠಿಕೆಯೊಂದಿಗೆ ಅವು ಮಾರಾಟವಾದವು. ಅಂಥ ಕಾರ್ಡು ಕೊಳ್ಳಬಾರದೆಂದೇನೂ ನಾನು ಹೇಳುವುದಿಲ್ಲ. ಚಿಪ್ಪು ಸಾಮಾನ್ಯವಾಗಿ ಗಟ್ಟಿ, ಸವೆಯುವುದು ಫ್ಯಾನು ಮತ್ತು ಥರ್ಮಲ್ ಪೇಸ್ಟ್. ಎದುರಿಗೇ ಅರ್ಧ ಗಂಟೆ ಆಟ ಓಡಿಸಿ ತೋರಿಸಲು ಒಪ್ಪದವನ ಹತ್ತಿರ ಮಾತ್ರ ಕೊಳ್ಳಬೇಡಿ.

ರ‍್ಯಾಮ್ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. 16 ಜಿಬಿಯ ಒಂದು ಕಡ್ಡಿಗಿಂತ 8 ಜಿಬಿಯ ಎರಡು ಕಡ್ಡಿ ವಾಸಿ, ಎರಡು ದಾರಿಯಲ್ಲಿ ದತ್ತಾಂಶ ಓಡುತ್ತದೆ. ಇದು ಹೆಚ್ಚು ಕಾಸಿಲ್ಲದೆ ಸಿಗುವ ವೇಗ, ಆದ್ದರಿಂದ ಇದನ್ನು ಯಾರೂ ಒತ್ತಾಯ ಮಾಡಿ ಮಾರುವುದಿಲ್ಲ. 2025ರ ಕೊನೆಗೆ ಎಐ ಕಂಪನಿಗಳ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿ ರ‍್ಯಾಮ್ ಬೆಲೆ ಹಾರಿತು. ಸಾಮಾನ್ಯ ಗ್ರಾಹಕರಿಗೆಂದು ಇದ್ದ ಕ್ರೂಷಿಯಲ್ ಹೆಸರಿನ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಮೈಕ್ರಾನ್ ಕಂಪನಿ ಡಿಸೆಂಬರಿನಲ್ಲಿ ಹೇಳಿತು. ಹೀಗೆ ಒಂದು ಭಾಗ ಹಠಾತ್ತನೆ ದುಬಾರಿಯಾದಾಗ ಇಂದಿಗೆ ಬೇಕಾದಷ್ಟನ್ನೇ ಹಾಕಿಸಿ, ಖಾಲಿ ಸ್ಲಾಟ್ ಇರುವ ಬೋರ್ಡು ಆರಿಸುವುದು ಮೇಲು. ಎಸ್‌ಎಸ್‌ಡಿಯಲ್ಲೂ ಸೆಕೆಂಡಿಗೆ 3,500 ಎಂಬಿಯದಕ್ಕೂ 7,000 ಎಂಬಿಯದಕ್ಕೂ ಬಹುತೇಕ ಆಟಗಳು ತೆರೆದುಕೊಳ್ಳುವುದರಲ್ಲಿ ಇರುವ ವ್ಯತ್ಯಾಸ ಒಮ್ಮೆ ಆಕಳಿಸುವಷ್ಟೂ ಇಲ್ಲ.

ಹಾಗೆ ಉಳಿಸಿದ ದುಡ್ಡು ಹೋಗಬೇಕಾದದ್ದು ಯಾರೂ ಮೆಚ್ಚದ, ಯಾರಿಗೂ ಕಾಣದ ಎಸ್‌ಎಂಪಿಎಸ್‌ಗೆ. ಇಲ್ಲಿ ನನ್ನ ಮಿತವ್ಯಯದ ವ್ರತಕ್ಕೆ ಸಂಪೂರ್ಣ ವಿನಾಯಿತಿ. ಅಗ್ಗದ ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್‌ನ ಮುಖದ ಮೇಲೆ 450 ವ್ಯಾಟ್ ಎಂದು ಬರೆದಿರಬಹುದು. ಪಕ್ಕದ ಪಟ್ಟಿಯಲ್ಲಿ 12 ವೋಲ್ಟಿನ ಎದುರು 20 ಆಂಪಿಯರ್ ಎಂದಿದ್ದರೆ ಗುಣಾಕಾರ ಮಾಡಿ, ಬರುವುದು 240 ವ್ಯಾಟ್. ಪ್ರೊಸೆಸರೂ ಕಾರ್ಡೂ ಮುಖ್ಯವಾಗಿ ಆ 12 ವೋಲ್ಟಿನ ಮೇಲೆಯೇ ಬದುಕುವುದರಿಂದ ನಮಗೆ ಲೆಕ್ಕ ಅದೊಂದೇ. 80 ಪ್ಲಸ್ ಎಂಬ ಮುದ್ರೆ ಇದ್ದರೆ ಕರೆಂಟು ಶಾಖವಾಗಿ ಪೋಲಾಗುವುದು ಕಡಿಮೆ ಎಂದಷ್ಟೇ ಅರ್ಥ. ಯಂತ್ರವನ್ನು ವೋಲ್ಟೇಜ್ ಏರಿಳಿತದಿಂದ ಕಾಪಾಡುತ್ತದೆಂಬ ಭರವಸೆ ಅದರಲ್ಲಿಲ್ಲ. ಮಳೆಗಾಲದ ಸಂಜೆ ಕರೆಂಟು ಹೋಗಿ ಬಂದು ಹೋಗಿ ಬರುವ ನಾಡಿನಲ್ಲಿ ಬಣ್ಣದ ದೀಪಗಳಿಗೆ ಮೂರು ಸಾವಿರ ಸುರಿದು ಎಸ್‌ಎಂಪಿಎಸ್‌ನಲ್ಲಿ ಮೂರು ಸಾವಿರ ಕಡಿಯುವವರನ್ನು ಕಂಡರೆ ನನಗೆ ನಿಜಕ್ಕೂ ಕೋಪ ಬರುತ್ತದೆ. ದೀಪವೂ ಒಂದು ಸಂತೋಷವಲ್ಲವೇ ಎಂದರೆ, ಹೌದು, ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟು ತಂದು ಕ್ಯಾಬಿನೆಟ್ಟಿಗೆ ಸುತ್ತಿದರೂ ಅಷ್ಟೇ ಸಂತೋಷ ಸಿಗುತ್ತದೆ. ಕರೆಂಟಿನ ಮಾತು ಬಂದದ್ದಕ್ಕೆ ಕರ್ನಾಟಕದವರಿಗೆ ಪ್ರತ್ಯೇಕವಾದ ಒಂದು ಲೆಕ್ಕ. ಮಾನಿಟರ್ ಸೇರಿ 300 ವ್ಯಾಟ್ ಎಳೆಯುವ ಯಂತ್ರದಲ್ಲಿ ದಿನಕ್ಕೆ ನಾಲ್ಕು ಗಂಟೆ ಆಡಿದರೆ ತಿಂಗಳಿಗೆ 36 ಯೂನಿಟ್. ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ದಾಟಿದರೆ ಆ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ಈಗ 170ರ ಆಸುಪಾಸಿನಲ್ಲಿರುವ ಮನೆಯಲ್ಲಿ ಪ್ರಾಜೆಕ್ಟ್ ವರ್ಕಿನ ಗುಟ್ಟು ರಟ್ಟಾಗುವುದು ಮೀಟರ್ ರೀಡರ್ ಬಂದ ದಿನ.

ಇಷ್ಟೆಲ್ಲ ರಗಳೆ ಯಾಕೆ, ಪ್ಲೇಸ್ಟೇಷನ್ ತಂದು ಟಿವಿಗೆ ಸಿಕ್ಕಿಸಿದರೆ ಆಗದೇ ಎನ್ನುವವರಿಗೆ ನನ್ನ ತಕರಾರಿಲ್ಲ. ಆಟವೊಂದೇ ಬೇಕಿದ್ದರೆ ಅದು ಒಳ್ಳೆಯ ದಾರಿ, ಆದರೆ ಅದರ ದೊಡ್ಡ ಆಟಗಳ ಡಿಸ್ಕಿಗೆ ಐದು ಸಾವಿರದವರೆಗೂ ತೆರಬೇಕು, ಮತ್ತು ಅದರ ಮೇಲೆ ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪು ಮಾಡಲಾಗದು. ಕೊನೆಯದಾಗಿ ಬರುವ ಆಮಿಷ ಬಿಲ್ಲಿನದು. ಬಿಲ್ಲು ಬೇಡವೆಂದರೆ ಶೇ 18 ಉಳಿಯುತ್ತದೆ, ಆ ದುಡ್ಡಿನಲ್ಲೇ ಮೇಲಿನ ಮಾಡೆಲ್ ಬರುತ್ತದೆ ಎಂದು ಯಾರಾದರೂ ಕಿವಿಯಲ್ಲಿ ಊದುತ್ತಾರೆ. ಕಾರ್ಡಿಗೆ ಸಾಮಾನ್ಯವಾಗಿ ಮೂರು ವರ್ಷ, ಒಳ್ಳೆಯ ಎಸ್‌ಎಂಪಿಎಸ್‌ಗೆ ಐದು ವರ್ಷ ಅಥವಾ ಹೆಚ್ಚು ವಾರಂಟಿ ಇರುತ್ತದೆ. ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಮೊದಲು ಕೇಳುವುದು ಬಿಲ್ಲನ್ನೇ. ಆದ್ದರಿಂದ ಜಿಎಸ್‌ಟಿ ಬಿಲ್ಲು ಪಡೆಯಿರಿ, ಪ್ರತಿಯೊಂದು ಭಾಗದ ಸೀರಿಯಲ್ ನಂಬರನ್ನು ಅದರ ಮೇಲೆ ಬರೆಸಿ, ಸಣ್ಣ ಮಷಿನ್ನಿನಲ್ಲಿ ಹೊರಟ ನುಣುಪು ಕಾಗದದ ಬಿಲ್ಲಾದರೆ ಅಂದೇ ಅದರ ಫೋಟೊ ತೆಗೆದಿಡಿ. ಆ ಕಾಗದದ ಮೇಲಿನ ಅಕ್ಷರ ವಾರಂಟಿಗಿಂತ ಬಹಳ ಮೊದಲೇ ಮಾಸಿಹೋಗುತ್ತದೆ.