ಒಳಅಂಚು ಸವೆದ ಟೈರು

ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಗಾಡಿ ನಿಲ್ಲಿಸಿದ್ದೀರಲ್ಲ, ಬೇಲಿ ಈಚೆಯಿಂದಲೇ ಕಾಣ್ತಿದೆ ನೋಡಿ, ಮುಂದಿನ ಟೈರಿನ ಒಳಅಂಚು ನುಣ್ಣಗಾಗಿದೆ. ಚಕ್ರ ನೆಟ್ಟಗಿದ್ದಾಗ ಆ ಅಂಚು ಯಾರ ಕಣ್ಣಿಗೂ ಬೀಳಲ್ಲ. ಹೊರಗಿಂದ ಇನ್ನೊಂದು ವರ್ಷ ಓಡುತ್ತೆ ಅನ್ನೋ ಹಾಗಿರುತ್ತೆ, ಒಳಗೆ ದಾರ ಇಣುಕ್ತಿರುತ್ತೆ. ಇಲ್ಲಿ ಬ್ರಿಟನ್ನಿನ ಕಾನೂನೂ ಒಂಥರಾ. ಟೈರಿನ ಅಗಲದ ನಡುವಿನ ಮುಕ್ಕಾಲು ಪಾಲಿನಲ್ಲಿ ಗೆರೆಗಳ ಆಳ 1.6 ಮಿಲಿಮೀಟರ್ ಇರಬೇಕು ಅನ್ನುತ್ತೆ. ಅಂಚಿನ ಪಟ್ಟಿಗಳಿಗೆ ಆ ಲೆಕ್ಕ ಇಲ್ಲ. ಆದರೆ ದಾರ ಹೊರಗೆ ಬಂತೋ, ಟೈರೊಂದಕ್ಕೆ 2,500 ಪೌಂಡ್‌ವರೆಗೂ ದಂಡ, ಲೈಸೆನ್ಸಿಗೆ 3 ಪಾಯಿಂಟ್. ನಡುವೆ ಮಾತ್ರ ಅಳೆದು ನಿಶ್ಚಿಂತೆಯಾಗಿ ಕೂರೋಕಾಗುತ್ತಾ?

ಒಳಅಂಚು ಹೀಗೆ ಸವೆದರೆ ಎಲ್ಲರೂ ದೂರೋದು ಕ್ಯಾಂಬರನ್ನ. ಸ್ಪೋರ್ಟ್ಸ್ ಕಾರಲ್ವಾ, ತಿರುವಿನಲ್ಲಿ ರಬ್ಬರು ಪೂರ್ತಿ ನೆಲ ಹಿಡೀಲಿ ಅಂತ ಚಕ್ರದ ತಲೆ ಸ್ವಲ್ಪ ಒಳಕ್ಕೆ ವಾಲಿಸಿರ್ತಾರೆ. ಆದರೆ ಬರೀ ವಾಲಿದ್ದಕ್ಕೆ ಟೈರು ಇಷ್ಟು ಬೇಗ ಹೋಗಲ್ಲ ರೀ. ತಿನ್ನೋದು ಟೋ, ಅಂದರೆ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರೋದು. ಪಾದ ಸೊಟ್ಟ ಇಟ್ಟು ನಡೆಯೋ ಮಗುವಿನ ಚಪ್ಪಲಿ ನೋಡಿದ್ದೀರಲ್ಲ, ಹಾಗೆ. ಚಕ್ರ ಕಾಲು ಡಿಗ್ರಿ ಹೊರಕ್ಕೆ ತಿರುಗಿದ್ದರೆ ಕಿಲೋಮೀಟರಿಗೆ ನಾಲ್ಕು ಮೀಟರಿಗೂ ಮೇಲೆ ಅಡ್ಡಡ್ಡ ಉಜ್ಜಿದ ಹಾಗಾಯ್ತು. 10,000 ಕಿಲೋಮೀಟರಿಗೆ ಲೆಕ್ಕ ಹಾಕಿ, 40 ಕಿಲೋಮೀಟರ್ ದಾಟುತ್ತೆ! ಅಷ್ಟು ದೂರ ಡಾಂಬರಿನ ಮೇಲೆ ಉಜ್ಜಿದರೆ ಏನುಳಿಯುತ್ತೆ? ಟೈರಿನ ಮೇಲೆ ಅಂಗೈ ಅಡ್ಡಕ್ಕೆ ಆಡಿಸಿ ನೋಡಿ. ಒಂದು ಕಡೆಗೆ ಸವರಿದರೆ ನುಣುಪು, ವಾಪಸ್ ಬಂದರೆ ಗರಗಸ. ಹಾಗಿದ್ದರೆ ಟೋನೇ, ಅನುಮಾನ ಬೇಡ. ನಿಮ್ಮ ಮಗ ತಗ್ಗಿನ ಸ್ಪ್ರಿಂಗ್ ಹಾಕಿಸಿದ್ದ ಅಲ್ವಾ? ಗಾಡಿ ಕೆಳಗಿಳಿದರೆ ಕ್ಯಾಂಬರೂ ಬದಲಾಗುತ್ತೆ, ಟೋನೂ ಬದಲಾಗುತ್ತೆ. ಸ್ಪ್ರಿಂಗ್ ಹಾಕಿದ ಮೇಲೆ ಅಲೈನ್‌ಮೆಂಟ್ ಮಾಡಿಸ್ಲೇಬೇಕು.

ನಮ್ಮಪ್ಪನ ಪದ್ಮಿನಿ ಕಾರಿನ ಕಾಲದಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆ ಹತ್ತಿರ ಒಬ್ಬ ಮೆಕ್ಯಾನಿಕ್ ಇದ್ದರು. ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಹಿಂದಿನ ಚಕ್ರದಿಂದ ಮುಂದಿನವರೆಗೆ ದಾರ ಎಳೆದು ನೋಡೋರು. ನಾನು ದಾರದ ಇನ್ನೊಂದು ತುದಿ ಹಿಡಿದು ಉಸಿರು ಬಿಗಿ ಹಿಡಿದು ನಿಲ್ತಿದ್ದೆ. ರೇಸಿನವರು ಇವತ್ತಿಗೂ ಪಿಟ್ಟಿನಲ್ಲಿ ದಾರ ಕಟ್ಟಿ, ಉಕ್ಕಿನ ಸ್ಕೇಲು ಹಿಡಿದು ರಿಮ್ಮಿನ ಹಿಂದು ಮುಂದು ಅಳೀತಾರೆ ಅಂತ ತಿಳಿದಾಗ ಎಷ್ಟು ಖುಷಿಯಾಯ್ತು ಗೊತ್ತಾ?

ಇನ್ನೊಂದು ಮಜಾ ಕೇಳಿ. ಬಿಎಂಡಬ್ಲ್ಯು ತನ್ನ ಎಷ್ಟೋ ಕಾರುಗಳಿಗೆ, ಅಲೈನ್‌ಮೆಂಟ್ ಅಳೆಯೋ ಮುಂಚೆ ಮುಂದಿನ ಸೀಟೊಂದೊಂದಕ್ಕೂ 68 ಕೆ.ಜಿ. ಭಾರ ಇಡಿ, ಟ್ಯಾಂಕ್ ತುಂಬಿಸಿ ಅಂತ ಹೇಳ್ತಿತ್ತು. ಮರಳಿನ ಮೂಟೆಗೆ ಸೀಟು ಬಿಟ್ಟುಕೊಟ್ಟು ಯಜಮಾನರು ಹೊರಗೆ ಟೀ ಕುಡಿಯೋದು! ಆದರೆ ಮಾತು ನಿಜ. ಹಗುರ ಗಾಡಿಯಲ್ಲಿ ಜನ ಕೂತರೇ ಚಕ್ರದ ಕೋನ ಬದಲಾಗುತ್ತಲ್ಲ.

ದುಡ್ಡಿನ ಮಾತು. ಬೀದಿ ಬದಿ ಟೈರಂಗಡಿಯಲ್ಲಿ ಮುಂದಿನೆರಡು ಚಕ್ರಕ್ಕೆ ಟ್ರ್ಯಾಕಿಂಗ್ ಅಂತ 30–50 ಪೌಂಡಿಗೆ ಮಾಡಿಕೊಡ್ತಾರೆ. ಹಿಂದಿನ ಚಕ್ರ ಸೊಟ್ಟಗಿದ್ದರೆ ಅದು ನೀರಲ್ಲಿ ಹೋಮ. ಬಲ್ಲವರ ಹತ್ತಿರ ನಾಲ್ಕೂ ಚಕ್ರಕ್ಕೆ ಮಾಡಿಸಿದರೆ 150 ದಾಟಬಹುದು. 1989ರ ಮೊದಲ ಮಾಜ್ದಾ ಎಂಎಕ್ಸ್-5ರಲ್ಲಿ ನಾಲ್ಕೂ ಚಕ್ರದ ಕ್ಯಾಂಬರ್, ಟೋ ಎರಡನ್ನೂ ಹೊಂದಿಸಬಹುದು, ಎಂಥ ಒಳ್ಳೆ ಕೆಲಸ ಅದು! ಲೋಟಸ್ ಇಲೀಸ್‌ನಲ್ಲಿ ಕ್ಯಾಂಬರಿಗೆ ತೆಳ್ಳನೆ ತಗಡು ತೆಗೆದು ಹಾಕಿ ಮಾಡಬೇಕು, ಕೂಲಿ ಜಾಸ್ತಿ. ಎಲ್ಲಕ್ಕಿಂತ ಕಾಟ ಅಂದರೆ ಚಳಿಗಾಲದಲ್ಲಿ ರಸ್ತೆಗೆ ಸುರಿಯೋ ಉಪ್ಪು. ಬೋಲ್ಟು ತುಕ್ಕು ಹಿಡಿದು ಬುಶ್ಶಿನೊಳಗೇ ಕಚ್ಚಿಕೊಂಡುಬಿಡುತ್ತೆ. ಕೊಯ್ದು ತೆಗೆಯೋ ಹೊತ್ತಿಗೆ ಬಿಲ್ಲು ಟೈರಿನ ಬೆಲೆಯನ್ನೂ ಮೀರಿಸುತ್ತೆ.

ಹೊಸ ಟೈರು ಹಾಕಿಸೋಕೆ ಅವಸರ ಮಾಡಬೇಡಿ. ಮೊದಲು ಬಾಲ್ ಜಾಯಿಂಟು, ಬುಶ್ಶು ಅಲ್ಲಾಡುತ್ತಾ ನೋಡಿಸಿ, ಆಮೇಲೆ ಟೈರು, ಕೊನೆಗೆ ಅಲೈನ್‌ಮೆಂಟ್. ಮುಂಚಿನ ಅಳತೆ, ಆಮೇಲಿನ ಅಳತೆ ಎರಡೂ ಇರೋ ಚೀಟಿ ಕೇಳಿ ಇಸ್ಕೊಳ್ಳಿ. ತಂದರೆ ನನಗೂ ತೋರಿಸಿ, ಆಯ್ತಾ?