ನಾನಲ್ಲಪ್ಪಾ, ಟೇಬಲ್ಲು

ಶನಿವಾರ ಸಂಜೆ ಬೆಂಗಳೂರಿನ ಯಾವುದೋ ಬಾಡಿಗೆ ಫ್ಲ್ಯಾಟಿನಲ್ಲಿ ಐದಾರು ಜನ ಊಟದ ಮೇಜಿನ ಸುತ್ತ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತಿದ್ದಾರೆ ಅಂದುಕೊಳ್ಳಿ. ರಟ್ಟಿನ ಪರದೆಯ ಹಿಂದೆ ಕೂತವನು ಡಂಜನ್ ಮಾಸ್ಟರ್, ಬಳಕೆಯಲ್ಲಿ ಡಿಎಂ. ಮಿಕ್ಕವರಿಗೆ ತಲಾ ಒಂದು ಪಾತ್ರ: ಕತ್ತಿಯವನು, ಕಳ್ಳ, ಮಂತ್ರವಾದಿ. ಉಳಿದ ರಾಜ, ರಾಕ್ಷಸ, ಮಳೆ, ಛತ್ರದ ಅಡುಗೆಯವನು ಎಲ್ಲ ಡಿಎಂ ಪಾಲು. ಇಷ್ಟು ಅಧಿಕಾರ ಸಿಕ್ಕರೆ ಯಾರಾದರೂ ಸ್ವಲ್ಪ ಮೆರೆಯುತ್ತಾರೆ. ನಾನು ಹೇಳಹೊರಟಿರುವ ಡಿಎಂ ಮೆರೆಯುವುದಿಲ್ಲ. ದಾಳ ಉರುಳಿಸುತ್ತಾನೆ, ದಪ್ಪ ಫೈಲು ತೆರೆಯುತ್ತಾನೆ, ಪಟ್ಟಿಯಲ್ಲಿ, ಅಂದರೆ ಟೇಬಲ್ಲಿನಲ್ಲಿ, ಬಿದ್ದ ಸಂಖ್ಯೆಯ ಮೇಲೆ ಬೆರಳಿಟ್ಟು ಓದುತ್ತಾನೆ. ಓದಿದ್ದು ನಿಮ್ಮ ತಲೆಯ ಮೇಲೆ ಬಂದು ಬಿದ್ದರೆ ಎರಡೂ ಕೈ ಮೇಲೆತ್ತಿ, “ನಾನಲ್ಲಪ್ಪಾ, ಟೇಬಲ್ಲು” ಅನ್ನುತ್ತಾನೆ.

ಆ ಫೈಲಿನಲ್ಲಿ ಇಲ್ಲದ್ದಿಲ್ಲ. ಹವಾಮಾನಕ್ಕೊಂದು ಟೇಬಲ್ಲು, ದಾರಿಯಲ್ಲಿ ಎದುರಾಗುವವರಿಗೊಂದು, ಸತ್ತವರ ಜೇಬಿನಲ್ಲಿ ಸಿಗುವ ಸಾಮಾನಿಗೊಂದು. ಯಾವ ಟೇಬಲ್ಲು ನೋಡಬೇಕು ಅನ್ನುವುದಕ್ಕೂ ಒಂದು. ಬಾಗಿಲು ತೆರೆಯುತ್ತೇನೆ ಅಂತ ಕಳ್ಳ ಹೇಳಿದ ಮೇಲೆ ಬಾಗಿಲು ನಿಜಕ್ಕೂ ತೆರೆದುಕೊಳ್ಳುವ ಹೊತ್ತಿಗೆ ಚುರುಮುರಿಯ ತಟ್ಟೆ ಖಾಲಿಯಾಗಿರುತ್ತದೆ.

“ಗುರೂ, ಒಳಗೆ ಏನಿದೆ ಅಂತ ನೀನೇ ಹೇಳಿಬಿಡೋ.”

“ಹೇಳಬಹುದು ಮಗಾ. ಆದರೆ ಆಮೇಲೆ ಬೇಕು ಅಂತಲೇ ಮಾಡಿದೆ ಅಂತೀಯ.”

ಹಾಗೆಲ್ಲ ಟೀಕಿಸಿದರೆ ಅವನು ಪರಂಪರೆಯನ್ನು ಎಳೆದು ತರುತ್ತಾನೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಮೊದಲ ಆಟದಲ್ಲೇ ಸುರಂಗದಲ್ಲಿ ಪ್ರತಿ ಸುತ್ತಿಗೂ ದಾಳ ಹಾಕಬೇಕಿತ್ತು, ಆರು ಬಿದ್ದರೆ ಅಲೆದಾಡುವ ರಾಕ್ಷಸ ಹಾಜರ್. ಸುಮ್ಮನೆ ಕಾಲಹರಣ ಮಾಡುವವರಿಗೆ ಅದೇ ಮದ್ದು. 1979ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಂತೂ ಸುರಂಗದಲ್ಲಿ ಬರುವ ವಾಸನೆ ಯಾವುದು, ಕೇಳುವ ಸದ್ದು ಯಾವುದು ಅನ್ನುವುದಕ್ಕೂ ಟೇಬಲ್ಲುಗಳಿವೆ. ಪೇಟೆ ಬೀದಿಯಲ್ಲಿ ರಾತ್ರಿ ಎದುರಾಗುವ ಹೆಂಗಸು ಯಾವ ದರ್ಜೆಯವಳು ಎಂಬ ಟೇಬಲ್ಲೂ ಇದೆ. ಆ ಪುಟವನ್ನು ಮಾತ್ರ ನಮ್ಮವನು ಬೇಗ ತಿರುವುತ್ತಾನೆ. 1977ರ ಟ್ರಾವೆಲರ್ ಆಟದ ಹೆಸರು ಹೇಳುವಾಗ ಅವನ ದನಿ ಗದ್ಗದವಾಗುತ್ತದೆ. ಅದರಲ್ಲಿ ಪಾತ್ರದ ಹಿಂದಿನ ಬದುಕನ್ನೇ ದಾಳ ಹಾಕಿ ಕಟ್ಟಬೇಕು, ಗರ ಕೈಕೊಟ್ಟರೆ ಆಟ ಶುರುವಾಗುವ ಮೊದಲೇ ಪಾತ್ರ ಸತ್ತುಹೋಗುತ್ತದೆ. “ಅದಪ್ಪಾ ನ್ಯಾಯ ಅಂದ್ರೆ!”

ಒಂದು ಸಲ ಅವನು ಕಾಫಿ ಮಾಡಲು ಒಳಗೆ ಹೋದಾಗ ಫೈಲು ನಮ್ಮ ಕೈಗೆ ಸಿಕ್ಕಿತು. ಅವನೇ ಬರೆದ ‘ಹಳೇ ಪೆಟ್ಟಿಗೆಯಲ್ಲಿ ಏನಿದೆ’, ಒಂದರಿಂದ ನೂರರವರೆಗೆ. ಮೊದಲ ಇಪ್ಪತ್ತರಲ್ಲಿ ಪ್ರತಿಯೊಂದೂ ಒಂದು ಕಥೆಗೆ ಸಾಲುವಂಥದ್ದು: ಸತ್ತ ರಾಣಿ ತನಗೇ ಬರೆದುಕೊಂಡ ಪತ್ರ, ಕತ್ತಲಾದರೆ ತಣ್ಣಗಾಗುವ ಬೀಗದ ಕೈ. ನಲವತ್ತರ ಹೊತ್ತಿಗೆ ಉಸಿರು ಕಟ್ಟಿದೆ. 63: ಕಂಬಳಿ. 64: ಇನ್ನೊಂದು ಕಂಬಳಿ. 65: ಕಂಬಳಿ (ಹರಿದದ್ದು). ನಮಗೆ ತಿಂಗಳುಗಟ್ಟಲೆ ಕಂಬಳಿ ಸಿಗುತ್ತಿದ್ದದ್ದು ವಿಧಿಯ ಆಟವಲ್ಲ, ನಡುರಾತ್ರಿಯ ನಿದ್ದೆ. ಟೇಬಲ್ಲನ್ನು ಬರೆದವನು ನೀನೇ ಅಲ್ಲವೇನೋ ಅಂತ ಕೇಳಿದ್ದಕ್ಕೆ, “ಬರೆದವನು ನಾನು. ಬೀಳಿಸಿದ್ದು ದಾಳ” ಅಂತ ಕಾಫಿ ಲೋಟ ಮುಂದೆ ತಳ್ಳಿದ.

ಆದರೂ ಅವನ ಮೇಜು ಬಿಟ್ಟು ಯಾರೂ ಏಳುವುದಿಲ್ಲ. ಒಮ್ಮೆ ಸೇತುವೆ ಕಾಯುತ್ತಿದ್ದ ಓರ್ಕ್ ಎಂಬ ರಾಕ್ಷಸರ ಜತೆಗಿನ ಕಾಳಗಕ್ಕೆ ಅವನು ವಾರವಿಡೀ ತಯಾರಿ ಮಾಡಿದ್ದ. ನಕ್ಷೆ ಬರೆದಿದ್ದ, ಪುಟಾಣಿ ಬೊಂಬೆಗಳಿಗೆ ಬಣ್ಣ ಬಳಿದಿದ್ದ. ಹಳೆಯ ಪದ್ಧತಿಯಂತೆ, ಎದುರಾದವರ ಮನಸ್ಸು ಹೇಗಿದೆ ಅಂತ ತಿಳಿಯಲು ಎರಡು ದಾಳ ಹಾಕಬೇಕು. ಎರಡು ಬಿದ್ದರೆ ನೇರ ಹಲ್ಲೆ, ಹನ್ನೆರಡು ಬಿದ್ದರೆ ಗಾಢ ಸ್ನೇಹ. ಹನ್ನೆರಡು ಬೀಳುವುದು ಮೂವತ್ತಾರರಲ್ಲಿ ಒಂದೇ ಸಲದ ಮಾತು. ಬಿತ್ತು. ಪರದೆ ಇರುವುದೇ ಮುಚ್ಚಿಡುವುದಕ್ಕೆ. ಏಳು ಬಿತ್ತು ಅಂದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಅವನು ಬೊಂಬೆಗಳನ್ನೊಮ್ಮೆ ನೋಡಿದ, ಕಣ್ಣು ಮುಚ್ಚಿದ, ಮೂಗಿನ ತುದಿ ಕೆರೆದುಕೊಂಡ. “ಓರ್ಕ್ ನಾಯಕ ನಗ್ತಿದಾನೆ. ಅವನ… ಅವನ ಮಗಳ ಮದುವೆಯಂತೆ. ನೀವೆಲ್ಲ ಬರಲೇಬೇಕಂತೆ.” ಮುಂದಿನ ಮೂರು ಶನಿವಾರ ಡ್ರ್ಯಾಗನ್ ಸುದ್ದಿ ಯಾರೂ ಎತ್ತಲಿಲ್ಲ. ಮುಯ್ಯಿ ಎಷ್ಟು ಮಾಡಬೇಕು, ಗಂಡಿನ ಕಡೆಯವರು ನರಭಕ್ಷಕರಾದರೆ ಪಂಕ್ತಿಯಲ್ಲಿ ಎಲ್ಲಿ ಕೂರಬೇಕು, ಇದೇ ಚರ್ಚೆ. ಎಲ್ಲವನ್ನೂ ಮೊದಲೇ ಬರೆದಿಟ್ಟುಕೊಂಡು ಬರುವ ಡಿಎಂಗಳು ನನಗೆ ಗೊತ್ತು. ಅವರ ಓರ್ಕ್‌ಗಳಿಗೆ ಹೆಣ್ಣುಮಕ್ಕಳೇ ಇರುವುದಿಲ್ಲ. ಟೇಬಲ್ಲಿನಲ್ಲಿ ಇದ್ದದ್ದು ‘ಸ್ನೇಹ’ ಅಂತ ಅಷ್ಟೇ, ಮದುವೆ ಅವನ ತಲೆಯಿಂದ ಬಂದದ್ದು ಅಂತ ಹೊಗಳಿದರೆ ಅದಕ್ಕೂ ಕೈ ಮೇಲೆತ್ತಿದ: “ನಾನಲ್ಲಪ್ಪಾ.”

ಮೊನ್ನೆ ಅವನಿಗೆ ವಿಶ್ರಾಂತಿ ಕೊಟ್ಟು ಇನ್ನೊಬ್ಬ ಡಿಎಂ ಆದ. ನಮ್ಮವನು ಆಟಗಾರನಾಗಿ ಕೂತ, ವೈಲ್ಡ್ ಮ್ಯಾಜಿಕ್‌ನ ಮಾಂತ್ರಿಕನಾಗಿ. ಮಂತ್ರ ಹಾಕಿದಾಗ ಶಕ್ತಿ ಅಡ್ಡಾದಿಡ್ಡಿ ಹರಿದರೆ ಏನಾಗುತ್ತದೆ ಅಂತ ಹೇಳುವ ಟೇಬಲ್ಲು ಆ ಪಾತ್ರದ ಜತೆಗೇ ಬರುತ್ತದೆ, ಅದಕ್ಕೇ ಅವನು ಅದನ್ನು ಆರಿಸಿಕೊಂಡದ್ದು. ಮೊದಲ ಕಾಳಗದಲ್ಲೇ ಗರ ತಿರುಗಿತು: ಬೆಂಕಿಯುಂಡೆ, ಅದೂ ತನ್ನ ಮೇಲೆಯೇ. ಪಕ್ಷಪಾತವಿಲ್ಲದ ಟೇಬಲ್ಲಿನ ಪರಮಭಕ್ತ ಬಗ್ಗಿ, ಮೇಜಿಗೆ ಕೆನ್ನೆಯಿಟ್ಟು ದಾಳವನ್ನು ಪರೀಕ್ಷಿಸಿದ.

“ದಾಳ ಪುಸ್ತಕದ ಅಂಚಿಗೆ ಒರಗಿದೆ ನೋಡು. ಇದು ಲೆಕ್ಕಕ್ಕಿಲ್ಲ.”

“ಸರಿ, ಮತ್ತೆ ಹಾಕು.”

ಹಾಕಿದ. ಈ ಸಲ ದಾಳ ಮೇಜಿನ ನಟ್ಟನಡುವೆ ಎಲ್ಲಕ್ಕೂ ದೂರವಾಗಿ ಕೂತಿತು. ಹೊಸ ಡಿಎಂ ಬೆರಳಿಟ್ಟು ಓದಿದ: ಮುಂದಿನ ಸರದಿ ಬರುವವರೆಗೆ ಮಾಂತ್ರಿಕ ಕುಂಡದಲ್ಲಿರುವ ಗಿಡವಾಗುತ್ತಾನೆ. ಏನೂ ಮಾಡುವಂತಿಲ್ಲ, ಯಾವ ಏಟು ಬಿದ್ದರೂ ಇಮ್ಮಡಿ. ನಮ್ಮವನು ಟೇಬಲ್ಲು ತೋರಿಸು ಅಂದ, ಪುಸ್ತಕ ಯಾವ ವರ್ಷದ್ದು ಅಂದ, ದಾಳವನ್ನು ಕೈಯಲ್ಲಿ ತೂಗಿ ನೋಡಿದ. ಗಿಡ ಮಾತಾಡಬಾರದು ಅಂತ ಡಿಎಂ ಎರಡು ಸಲ ಎಚ್ಚರಿಸಬೇಕಾಯಿತು.